ಎಡಗೈ ಬಂದೂಕಿಗಾಗಿ ಜರ್ಮನಿಗೆ

ಹಲಸೂರು

ಬಂದೂಕು ರಿಪೇರಿ ಮಾಡುವವನು ವಿದೇಶಕ್ಕೆ ಹೋಗುತ್ತಾನೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಎದುರಿನ ಹೂವಿನಂಗಡಿಯವಳು, "ಯಾವ್ ದೇಶದ್ ಮೇಲಣ್ಣ ಯುದ್ಧ?" ಎಂದು ಕೇಳಿ ನಕ್ಕಳು. ಹಲಸೂರು ಕೆರೆಯಿಂದ ಕೂಗಳತೆಯಲ್ಲಿರುವ ನನ್ನ ಅಂಗಡಿ ತಾತನ ಕಾಲದ್ದು. ತಾತ ದಂಡಿನ ಅಧಿಕಾರಿಗಳ ಶಿಕಾರಿ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದರು, ಅಪ್ಪ ರೈತರು ಬೆಳೆ ಕಾಯಲು ಇಟ್ಟುಕೊಂಡಿದ್ದ ಕೋವಿಗಳನ್ನು. ನನ್ನ ಕಾಲಕ್ಕೆ ಶಿಕಾರಿಯೂ ಹೋಯಿತು, ಬೆಳೆಯೂ ಹೋಗಿ ಹೊಲಗಳೆಲ್ಲ ಬಡಾವಣೆಗಳಾದವು. ಬ್ಯಾಂಕಿನ ಕಾವಲುಗಾರರ ಜೋಡಿ ನಳಿಗೆಗಳು ಮತ್ತು ಗುರಿ ಹೊಡೆಯುವ ಆಟದವರ ರೈಫಲ್‌ಗಳು, ಇಷ್ಟೇ ಉಳಿದದ್ದು.

ಆ ಆಟದವರಲ್ಲಿ ಒಬ್ಬಳು ಮಂಜುಳಾ. ಕೆ.ಆರ್. ಪುರಂನ ಹಳೆಯ ಕುಳದ ಹುಡುಗಿ. ಅವಳಪ್ಪ ದ್ರಾಕ್ಷಿ ತೋಟ ಕಾಯುತ್ತಿದ್ದ ಕೋವಿ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮುಂಚೆ, ನನ್ನಲ್ಲಿಗೆ ಬರುತ್ತಿತ್ತು. ಜೊತೆಯಲ್ಲಿ ಫ್ರಾಕು ತೊಟ್ಟ ಇವಳೂ ಬಂದು ಗ್ರೀಸ್ ಡಬ್ಬಿಗೆ ಕೈ ಹಾಕುತ್ತಿದ್ದಳು. ಈಗ ಅಪ್ಪ ಇಲ್ಲ, ತೋಟವಿದ್ದಲ್ಲಿ ಬಾಡಿಗೆ ಮನೆಗಳಿವೆ. ಇಪ್ಪತ್ತೊಂಬತ್ತರ ಮಂಜುಳಾ ಸಿ.ವಿ. ರಾಮನ್ ನಗರದ ಒಂದು ಶಾಲೆಯಲ್ಲಿ ಆಟದ ಟೀಚರ್. ನನ್ನನ್ನು ಮಾಮ ಎನ್ನುತ್ತಾಳೆ, ನಾನು ಅಮ್ಮಣ್ಣಿ ಎನ್ನುತ್ತೇನೆ.

ಅವಳು ಎಡಚಿ. ಅವಳಜ್ಜಿಗೆ ಅದು ಮಹಾ ಅಪಶಕುನ. ಎಡಗೈಯಲ್ಲಿ ಅನ್ನ ಮುಟ್ಟಿದರೆ ಸೌಟಿನಲ್ಲಿ ಬಾರಿಸುತ್ತಿದ್ದರು, ಎಡಗೈಯಲ್ಲಿ ಮಂಗಳಾರತಿ ತೆಗೆದುಕೊಂಡರೆ ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹೀಗೆ ಏಟು ತಿಂದು ತಿಂದು ಊಟ, ಬರಹ ಎಲ್ಲ ಬಲಗೈಗೆ ಬಂದವು. ಗುರಿ ಹೊಡೆಯುವಾಗ ಮಾತ್ರ ಅವಳ ಎಡಗಣ್ಣೂ ಎಡಗೈಯೂ ಯಾರ ಮಾತನ್ನೂ ಕೇಳಲಿಲ್ಲ.

ಆಟದವರ ಬೋಲ್ಟ್ ರೈಫಲ್ಲಿಗೆ ಬಾಗಿಲ ಚಿಲಕದಂಥ ಒಂದು ಕಬ್ಬಿಣ ಇರುತ್ತದೆ. ಪ್ರತಿ ಗುಂಡಿಗೂ ಅದನ್ನೆತ್ತಿ, ಹಿಂದಕ್ಕೆಳೆದು, ಗುಂಡಿಟ್ಟು, ಮುಂದಕ್ಕೆ ತಳ್ಳಿ ಒತ್ತಬೇಕು. ಆ ಬೋಲ್ಟು ಇರುವುದು ಬಲಗಡೆ. ಗುರಿ ಹೊಡೆಯುವವರ ಸಂಘದ ಹಳೆಯ ರೈಫಲ್ಲಿಗೆ ನಾನೇ ಸಾಗುವಾನಿ ಕೆತ್ತಿ ಅವಳ ಎಡಗೆನ್ನೆ ಕೂರುವಂತೆ ಒಂದು ದಿಂಬು ಮಾಡಿಕೊಟ್ಟಿದ್ದೆ. ಆದರೆ ಬೋಲ್ಟನ್ನು ಎಡಕ್ಕೆ ತರುವುದು ನನ್ನಿಂದಾಗುವ ಕೆಲಸವಲ್ಲ. ಬೋರಲು ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಅರವತ್ತು ಗುಂಡು. ಅರವತ್ತು ಸಲವೂ ಅವಳು ಬಂದೂಕಿನ ಮೇಲಿಂದ ಕೈ ಚಾಚಬೇಕು, ಹಿಡಿತ ಕದಲಬೇಕು, ಮತ್ತೆ ಮೊದಲಿನಿಂದ ಕೂಡಿಸಿಕೊಳ್ಳಬೇಕು. ಹೀಗಿದ್ದೂ ದೇಶದ ತಂಡದ ಆಯ್ಕೆಯಲ್ಲಿ ಎರಡು ಸಲ ಕೂದಲೆಳೆಯಷ್ಟರಲ್ಲಿ ಹೊರಗುಳಿದಿದ್ದಳು. ಮೂರನೆಯ ಆಯ್ಕೆಗೆ ಇನ್ನು ಆರು ವಾರ ಇತ್ತು. ಅದೇ ಕೊನೆಯದು ಎಂದು ಅವಳೂ ಹೇಳಿದ್ದಳು, ಶಾಲೆಯವರೂ ಹೇಳಿದ್ದರು.

ಆಗ ಸಂಘದವರು ವಿಚಾರಿಸಿದ್ದ ಜರ್ಮನಿಯ ಒಂದು ಕಾರ್ಖಾನೆಯಿಂದ ಪತ್ರ ಬಂತು. ಹೊಸ ಮಾದರಿಯಲ್ಲಿ ಎಡಗೈಯವರಿಗೆಂದು ಮಾಡಿದ ರೈಫಲ್ಲುಗಳಲ್ಲಿ ಒಂದೇ ಒಂದು ಉಳಿದಿದೆ, ಖುದ್ದು ಬಂದು ಪರೀಕ್ಷಿಸಿ ಶುಕ್ರವಾರ ಮಧ್ಯಾಹ್ನದೊಳಗೆ ಹೂಂ ಎನ್ನಬೇಕು, ಇಲ್ಲವಾದರೆ ಸಾಲಿನಲ್ಲಿರುವ ಮುಂದಿನವರಿಗೆ ಹೋಗುತ್ತದೆ, ಮತ್ತೆ ಎಡಗೈಯದು ಮಾಡುವುದು ಮುಂದಿನ ವರ್ಷ. ಸಂಘ ಇಬ್ಬರ ಖರ್ಚನ್ನೂ ವಹಿಸಿಕೊಂಡಿತು.

"ನೀವ್ ಬರ್ಲೇಬೇಕು ಮಾಮ," ಎಂದಳು ಮಂಜುಳಾ. "ನಾನು ಹೊಡಿಯೋದಷ್ಟೇ. ಬಂದೂಕಿನ ಒಳಗಡೆ ಏನಿದೆ ಅಂತ ನಿಮ್ ಕೈಗೆ ಗೊತ್ತಾಗುತ್ತೆ."

ಈ ಮಾತಿಗೆ ನಾನು ಉಬ್ಬಿಹೋದೆ. ಆ ಉಬ್ಬು ಜರ್ಮನಿ ಸೇರಿದ ಮೂರನೆಯ ದಿನಕ್ಕೆ ಇಳಿಯಿತು.

ಶಿವಾಜಿನಗರದಲ್ಲಿ ಒಂದು ಹಳೆಯ ಕೋಟು ಕೊಂಡೆ. "ಏ ಪೆಹನೇತೋ ಬರಫ್ ಮೇಂ ಭೀ ಪಸೀನಾ ಆತಾ ಚಾಚಾ," ಹಿಮದಲ್ಲೂ ಬೆವರುತ್ತೀರಿ ಎಂದು ಮಾರುವವನು ಆಣೆ ಇಟ್ಟ. ನನ್ನ ಹೆಂಡತಿ ಅದರ ಜೇಬಿಗೆ ಎರಡು ನಿಂಬೆಹಣ್ಣು, ಗಂಧದ ತುಂಡು ಮತ್ತು ಗುಡಿಯ ಕುಂಕುಮದ ಡಬ್ಬಿ ಹಾಕಿದಳು. ನಮ್ಮ ಅಂಗಡಿಯಲ್ಲಿ ಒಡೆಯನ ಕೈಗೆ ಹೊಸ ಬಂದೂಕು ಹೋಗುವ ಮುಂಚೆ ಪೂಜೆ ತಪ್ಪಿದ್ದೇ ಇಲ್ಲ. ಮೂತಿಗೊಂದು, ಬೋಲ್ಟಿನ ಬುಡಕ್ಕೊಂದು, ಹಿಡಿಗೊಂದು, ಹೀಗೆ ಮೂರು ಬೊಟ್ಟು. ಮಾರನೆಯ ದಿನ ಎಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಕೊಡುತ್ತೇವೆ. ಈ ಎರಡನೆಯ ಭಾಗವನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಫ್ರಾಂಕ್‌ಫರ್ಟ್ ನಿಲ್ದಾಣ

ವಿಮಾನದಲ್ಲಿ ಕಾಲು ಊದಿಕೊಂಡು ಬೂಟು ಹತ್ತದೆ, ಜರ್ಮನಿಯ ನೆಲದ ಮೇಲೆ ನನ್ನ ಮೊದಲ ಹೆಜ್ಜೆಗಳು ಬರೀ ಸಾಕ್ಸಿನಲ್ಲಿ ಬಿದ್ದವು. ಕಸ್ಟಮ್ಸಿನ ಎತ್ತರದ ಹೆಂಗಸು ನನ್ನ ಕೋಟಿನ ಜೇಬು ತೋರಿಸಲು ಹೇಳಿದಳು. ನಿಂಬೆಹಣ್ಣುಗಳನ್ನು ಕೈಗವಸು ಹಾಕಿಕೊಂಡು, ಬಾಂಬು ಎತ್ತುವವಳಂತೆ ಎತ್ತಿ ಒಂದು ಡಬ್ಬಕ್ಕೆ ಹಾಕಿದಳು. ಕುಂಕುಮದ ಡಬ್ಬಿ ತೆರೆದು ಮೂಸಿದಳು. ಮಂಜುಳಾ ತನ್ನ ಹಣೆ ತೋರಿಸಿ, ಅಲ್ಲಿಗೆ ಹಚ್ಚುವುದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಒಮ್ಮೆ ನನ್ನ ಬೋಳು ತಲೆ ನೋಡಿ, ನಗು ತಡೆದುಕೊಂಡು ಡಬ್ಬಿ ಹಿಂದಕ್ಕೆ ಕೊಟ್ಟಳು.

"ನಿಂಬೆಹಣ್ಣಿಗೆ ಏನಂತೆ ದ್ವೇಷ?" ಎಂದು ನಾನು ಗೊಣಗಿದೆ. ಆ ಹೆಂಗಸಿಗೆ ನಾನು ಎಷ್ಟು ಋಣಿ ಎಂದು ಆಮೇಲೆ ತಿಳಿಯಿತು. ನಿಂಬೆರಸ ಆ ಹೊಸ ಬಂದೂಕಿನ ಉಕ್ಕಿಗೆ ತಾಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಬುಧವಾರ: ಕಾರ್ಖಾನೆಯ ಊರು

ರೈಲು ಬದಲಿಸಿ ಬದಲಿಸಿ ಸೇರಿದ ಊರು ಒಂದು ಹೊಳೆ, ಒಂದು ಚರ್ಚು, ಒಂದು ಕಾರ್ಖಾನೆ, ಇಷ್ಟೇ. ಬೆಳಿಗ್ಗೆ ಎಂಟಕ್ಕೆ ಬೀದಿಯಲ್ಲಿ ಬ್ರೆಡ್ಡಿನ ವಾಸನೆ ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ನಾವಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಮುದುಕಿ, ಕಾರ್ಖಾನೆಯ ದಾರಿ ತೋರಿಸಲು ಜೊತೆಗೆ ಬಂದರು. ಒಂದು ಕೂಡುರಸ್ತೆಯಲ್ಲಿ, ನಡೆದು ದಾಟುವವರಿಗೆ ಕೆಂಪು ದೀಪವಿತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇರಲಿಲ್ಲ. ದಾಟಿಬಿಟ್ಟೆ. ಶಿವಾಜಿನಗರದ ಬಸ್ ನಿಲ್ದಾಣದ ಮುಂದೆ ನಲವತ್ತು ವರ್ಷ ದಾಟಿದವನಿಗೆ ಇದೊಂದು ರಸ್ತೆಯೇ?

ಹಿಂದಿನಿಂದ ಮುದುಕಿಯ ಕೂಗು ಕೇಳಿತು. ನಾನು ತಿರುಗಿ ನೋಡಿದರೆ ಆಕೆ ಆ ಕಡೆಯೇ ನಿಂತು, ಕೈಯಾಡಿಸಿ ನನ್ನನ್ನು ವಾಪಸ್ಸು ಕರೆಯುತ್ತಿದ್ದರು. ಐವತ್ನಾಲ್ಕು ವರ್ಷದ ನಾನು ಮತ್ತೆ ಆ ಖಾಲಿ ರಸ್ತೆ ದಾಟಿ ಹಿಂದಕ್ಕೆ ಹೋಗಿ, ಹಸಿರು ಬರುವ ತನಕ ಆಕೆಯ ಪಕ್ಕದಲ್ಲಿ ನಿಂತೆ.

"ಯಾರೂ ಇರ್ಲಿಲ್ವಲ್ಲ ಅಂತ ಕೇಳು," ಎಂದೆ ಮಂಜುಳಾಗೆ.

ಅವಳು ಕೇಳಿ ಉತ್ತರ ತಂದಳು. "ನೀವ್ ಇದ್ರಲ್ಲ, ಅಂತಾರೆ ಮಾಮ."

ಕಾರ್ಖಾನೆಯಲ್ಲಿ ನಮಗಾಗಿ ಕಾಯುತ್ತಿದ್ದವರು ಕರ್ಟ್ ಎಂಬ ಪರೀಕ್ಷಕರು. ನನ್ನ ವಯಸ್ಸೇ, ನನ್ನ ಹಾಗೆಯೇ ಉಗುರಿನ ಸುತ್ತ ಎಣ್ಣೆಯ ಕಪ್ಪು. ಅವರದೂ ಹರಕು ಇಂಗ್ಲಿಷು, ದಂಡಿನ ಗಿರಾಕಿಗಳಿಂದ ಕಲಿತ ನನ್ನದೂ ಹರಕು. ಎರಡು ಹರಕು ಸೇರಿ ಹೇಗೋ ಮಾತು ನಡೆಯುತ್ತಿತ್ತು. ಅವರು ನನ್ನ ಬೆರಳುಗಳನ್ನು ನೋಡಿ, ಏನೂ ಕೇಳದೆ, ತಮ್ಮ ಪಕ್ಕದ ಸ್ಟೂಲನ್ನು ನನ್ನ ಕಡೆ ಸರಿಸಿದರು. ನನಗೆ ಬಹಳ ಸಂತೋಷವಾಯಿತು.

ಹೊಸ ರೈಫಲ್ಲನ್ನು ಪೆಟ್ಟಿಗೆಯಿಂದ ತೆಗೆದಾಗ ಮಂಜುಳಾ ಮುಟ್ಟಲಿಲ್ಲ, ಸುಮ್ಮನೆ ನೋಡಿದಳು. ಬೋಲ್ಟಿನ ಹಿಡಿ ಎಡಗಡೆ ಇತ್ತು. ಹುಟ್ಟಿದಾಗಿನಿಂದ ಕನ್ನಡಿಯಲ್ಲಿ ಮಾತ್ರ ಕಂಡಿದ್ದನ್ನು ಎದುರಿಗೆ ಕಂಡಂತಾಯಿತು ಎಂದು ಆಮೇಲೆ ಹೇಳಿದಳು.

ಮೊದಲ ಪರೀಕ್ಷೆಯಲ್ಲಿ ಮನುಷ್ಯರ ಕೈ ಇರುವುದಿಲ್ಲ. ಬಂದೂಕನ್ನು ಕಲ್ಲಿನ ಕಂಬಕ್ಕೆ ಕೂರಿಸಿದ ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಐವತ್ತು ಮೀಟರ್ ಉದ್ದದ ಮುಚ್ಚಿದ ಸುರಂಗದಲ್ಲಿ ಹತ್ತು ಗುಂಡು ಹಾರಿಸುತ್ತಾರೆ. ಹತ್ತೂ ಎಷ್ಟು ಹತ್ತಿರ ಬೀಳುತ್ತವೆ ಎಂಬುದೇ ಅದರ ಯೋಗ್ಯತೆ. ಕರ್ಟ್ ಅಳತೆಯ ಉಪಕರಣ ಹಿಡಿದು ಕನ್ನಡಕ ಏರಿಸಿದರು. ನಾನು ಜೇಬಿನಿಂದ ನನ್ನ ಹತ್ತು ಪೈಸೆಯ ನಾಣ್ಯ ತೆಗೆದು ರಟ್ಟಿನ ಮೇಲಿಟ್ಟೆ. ಸ್ಟೀಲಿನ ಆ ಪುಟ್ಟ ನಾಣ್ಯದಡಿ ಹತ್ತು ತೂತುಗಳೂ ಮುಚ್ಚಿಹೋದರೆ ಬಂದೂಕು ಪಾಸು, ಇದು ನನ್ನ ಅಂಗಡಿಯ ಲೆಕ್ಕ. ಅಂದು ಹತ್ತೂ ಮುಚ್ಚಿ, ನಾಣ್ಯದಡಿ ಇನ್ನೂ ಜಾಗ ಉಳಿಯಿತು. ಕರ್ಟ್ ನಾಣ್ಯವನ್ನೆತ್ತಿ ತಮ್ಮ ಉಪಕರಣದಲ್ಲಿ ಅಳೆದು, ಒಪ್ಪಿ ತಲೆಯಾಡಿಸಿದರು.

ಗುರುವಾರ: ಊಟದ ಬಿಡುವು

ಬೆಳಗಿನ ಹೊತ್ತೆಲ್ಲ ಹಿಡಿಯನ್ನು ಅವಳ ಮೈಗೆ ಹೊಂದಿಸುವುದರಲ್ಲಿ ಹೋಯಿತು. ಹೆಗಲಿಗೆ ಒತ್ತುವ ಪಟ್ಟಿ ಎರಡು ಎಳೆ ಕೆಳಕ್ಕೆ, ಕೆನ್ನೆಯ ದಿಂಬು ಒಂದು ಎಳೆ ಮೇಲಕ್ಕೆ. ಹನ್ನೆರಡು ಹೊಡೆದ ಕೂಡಲೇ ಕರ್ಟ್ ಕೈಲಿದ್ದ ಸ್ಕ್ರೂಡ್ರೈವರನ್ನು ಅರ್ಧ ತಿರುವಿನಲ್ಲೇ ಬಿಟ್ಟು ಎದ್ದರು. ಊಟದ ಹೊತ್ತು ಎಂದರೆ ಊಟದ ಹೊತ್ತು. ಸಾಧಾರಣವಾಗಿ ಬೋಲ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಯೇ ಹೋಗುವವರು, ಅಂದು ನನ್ನನ್ನು ನೋಡಿ, "ನೀವೂ ಬಂದೂಕಿನ ಕೆಲಸದವರು. ನೀವು ಇದ್ದೀರಿ," ಎಂದು ಹಾಗೆಯೇ ಬಿಟ್ಟುಹೋದರು. ಮಂಜುಳಾ ಕೈಕಾಲು ಸಡಿಲಿಸಲು ಹೊಳೆಯ ಕಡೆ ನಡೆದಳು.

ಮಧ್ಯಾಹ್ನ ಅವಳು ಮೊದಲ ಸಲ ತನ್ನ ಕೈಯಲ್ಲಿ ಹೊಡೆಯುವವಳಿದ್ದಳು. ಕಬ್ಬಿಣದ ಹಿಡಿಕೆ ಹೊಡೆದದ್ದು ನನ್ನ ಲೆಕ್ಕಕ್ಕಿಲ್ಲ. ಒಡತಿಯ ಕೈಗೆ ಹೋಗುವ ಮುಂಚೆ ಪೂಜೆಯಾಗಬೇಕು. ಕರ್ಟ್‌ಗೆ ಹೇಳಿದರೆ ನಕ್ಕಾರು ಎಂದು ಸಂಕೋಚ. ಒಂದು ನಿಮಿಷದ ಕೆಲಸ, ಯಾರಿಗೆ ಗೊತ್ತಾಗುತ್ತದೆ?

ನಲ್ಲಿಯ ನೀರಿನಲ್ಲಿ ಗಂಧ ತೇದು, ಕುಂಕುಮ ಕಲೆಸಿ ಮೂರು ಬೊಟ್ಟು ಇಟ್ಟೆ. ಬೋಲ್ಟು ತೆರೆದೇ ಇತ್ತು. ಅದರ ಬುಡಕ್ಕೆ ಇಟ್ಟ ಬೊಟ್ಟು ಸ್ವಲ್ಪ ದಪ್ಪಗಾಯಿತು. ಕೈಮುಗಿದು, ‘ನಮ್ಮ ಎಡಚಿಯ ಕೈ ಹಿಡಿ ತಾಯಿ’ ಎಂದು ಕಣ್ಣುಮುಚ್ಚಿದಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕರ್ಟ್ ಅರ್ಧ ಗಂಟೆ ಎಂದರೆ ಅರ್ಧ ಗಂಟೆಯೇ. ನಾನು ಗಾಬರಿಯಿಂದ ಕರವಸ್ತ್ರ ತೆಗೆದು ಮೂರೂ ಬೊಟ್ಟು ತಿಕ್ಕಿದೆ. ಮೇಲೆ ಕಾಣುವುದೆಲ್ಲ ಹೋಯಿತು. ಒಳಕ್ಕೆ ಏನು ಹೋಯಿತೆಂದು ನೋಡಲು ಸಮಯವಿರಲಿಲ್ಲ.

ಮಂಜುಳಾ ಮಲಗಿ ಮೊದಲ ಗುಂಡು ಹಾಕಿದಳು. "ಬೋಲ್ಟ್ ಯಾಕೋ ಬಿಗಿ ಇದೆ ಮಾಮ," ಎಂದಳು. ಹೊಸದು, ಪಳಗುತ್ತದೆ ಎಂದರು ಕರ್ಟ್. ಐದು ಗುಂಡಾದ ಮೇಲೆ ರಟ್ಟು ತರಿಸಿ ನೋಡಿದರೆ ತೂತುಗಳು ಒಂದರ ಕೆಳಗೊಂದು, ಏಣಿಯ ಮೆಟ್ಟಿಲಿನ ಹಾಗೆ. ಮತ್ತೆ ಐದು. ಏಣಿ ಇನ್ನೂ ಉದ್ದವಾಯಿತು. ನನ್ನ ನಾಣ್ಯ ಅವುಗಳಲ್ಲಿ ಅರ್ಧವನ್ನೂ ಮುಚ್ಚಲಿಲ್ಲ.

ಗುಂಡು ಹೀಗೆ ಮೇಲೆ ಕೆಳಗೆ ಹರಡಿದರೆ ಮುಖ್ಯವಾಗಿ ಎರಡು ಕಾರಣ. ಒಂದು, ಹೊಡೆಯುವವರು ಉಸಿರನ್ನು ಪ್ರತಿ ಸಲ ಒಂದೇ ಕಡೆ ನಿಲ್ಲಿಸುತ್ತಿಲ್ಲ. ಎರಡು, ಬೋಲ್ಟು ಪ್ರತಿ ಸಲ ಒಂದೇ ಹಾಗೆ ಕೂರುತ್ತಿಲ್ಲ. ಕರ್ಟ್ ಇಂಚಿಂಚಾಗಿ ಯೋಚಿಸುವ ಮನುಷ್ಯ. "ನಿನ್ನೆ ಹಿಡಿಕೆಯಲ್ಲಿ ಸರಿಯಾಗಿತ್ತು. ಬಂದೂಕು ಬದಲಾಗಿಲ್ಲ," ಎಂದು ನಿಧಾನವಾಗಿ ಹೇಳಿ, ತಮ್ಮ ಎದೆಯ ಮೇಲೆ ಕೈಯಿಟ್ಟು ಮಂಜುಳಾಗೆ ತೋರಿಸಿದರು. ಉಸಿರು.

ಅವಳು ತಲೆಯಾಡಿಸಿ ಮತ್ತೆ ಮಲಗಿದಳು. ಉಸಿರು ಬಿಡುವುದು, ನಿಲ್ಲಿಸುವುದು, ಬಿಡುವುದು. ಅವಳ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಮೂವತ್ತು ಗುಂಡು ಹೊಡೆದಳು. ಪ್ರತಿ ರಟ್ಟೂ ಹಿಂದಿನದಕ್ಕಿಂತ ಕೆಟ್ಟದಾಗಿತ್ತು, ಏಕೆಂದರೆ ಅಷ್ಟರಲ್ಲಿ ಅವಳ ಉಸಿರೂ ನಿಜವಾಗಿ ಕೆಟ್ಟುಹೋಗಿತ್ತು.

ಆ ಮೂವತ್ತರಲ್ಲಿ ಮೊದಲ ಹತ್ತಾಗಿ ಅವಳು ನೀರು ಕುಡಿಯಲು ಎದ್ದಾಗಲೇ ನಾನು ಮುಖ ಒರೆಸಿಕೊಳ್ಳಲು ಕರವಸ್ತ್ರ ತೆಗೆದಿದ್ದೆ. ಅದರ ಮೇಲೆ ಕೆಂಪು ಗೀರಿತ್ತು. ಕರ್ಟ್ ಆ ಕಡೆ ತಿರುಗಿದಾಗ ಬೋಲ್ಟನ್ನು ಒಂದು ಸಲ ಎಳೆದು ತಳ್ಳಿದೆ. ಮರಳು ಬಿದ್ದ ಬೀಗದಂತೆ ಕರಕರ ಎಂದಿತು. ಮೂವತ್ತೈದು ವರ್ಷ ಈ ಕೆಲಸ ಮಾಡಿದ ಕೈ ನನ್ನದು, ಅದಕ್ಕೆ ಸಂದೇಹವೇ ಇರಲಿಲ್ಲ.

ಬಾಯಿ ತೆರೆದರೆ ಮುಗಿಯುತ್ತಿತ್ತು. ನಾನು ತೆರೆಯಲಿಲ್ಲ. ಬೀಗ ಹಾಕದೆ ನಂಬಿ ಹೋದ ಮನುಷ್ಯನ ಮುಂದೆ, ನನ್ನನ್ನು ದೊಡ್ಡವನೆಂದು ಕರೆತಂದ ಹುಡುಗಿಯ ಮುಂದೆ ಬಾಯಿ ಬರಲಿಲ್ಲ. ಮೂವತ್ತೂ ಮುಗಿದ ಮೇಲೆ ಉಪಾಯವಾಗಿ, "ಬೋಲ್ಟ್ ಕೊಡಿ, ಸ್ವಲ್ಪ ಎಣ್ಣೆ ಹಾಕುತ್ತೇನೆ," ಎಂದು ಕರ್ಟ್ ಅವರನ್ನು ಕೇಳಿದೆ. ಅವರು ಗಡಿಯಾರ ತೋರಿಸಿದರು. ನಾಲ್ಕು ಗಂಟೆ. ನಾಳೆ, ಎಂದು ಬೋಲ್ಟನ್ನು ಕಪಾಟಿನೊಳಗಿಟ್ಟು ಬೀಗ ತಿರುಗಿಸಿದರು. ಮಂಜುಳಾ ಮೂಲೆಯಲ್ಲಿ ನಿಂತು ತನ್ನ ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡಿದ್ದಳು.

ಶುಕ್ರವಾರ: ಕೆಂಪು ದೀಪ

ಬೆಳಿಗ್ಗೆ ಮುದುಕಿ ಮೊಟ್ಟೆಗಳಿಗೆ ಉಣ್ಣೆಯ ಟೋಪಿ ಹಾಕಿ ಮೇಜಿನ ಮೇಲಿಟ್ಟಿದ್ದರು, ಆರದಿರಲೆಂದು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಮಂಜುಳಾ ಬ್ರೆಡ್ಡನ್ನು ಪುಡಿ ಮಾಡುತ್ತಾ ಕೂತಿದ್ದಳು.

"ಬೇಡ ಅಂತ ಹೇಳ್ಬಿಡ್ತೀನಿ ಮಾಮ."

"ಯಾಕಮ್ಮಣ್ಣಿ? ಇನ್ನೊಂದ್ಸಲ ನೋಡಣ."

"ಏನ್ ನೋಡೋದು? ಬಂದೂಕು ಚೆನ್ನಾಗೇ ಇದೆ. ಇಷ್ಟ್ ವರ್ಷ ಬಲಗೈ ಬೋಲ್ಟಿಂದ ಹಿಂಗಾಗ್ತಿದೆ ಅಂತ ನೆಪ ಹೇಳ್ಕೊಂಡ್ ಬಂದೆ. ಈಗ ಎಡಗೈದೇ ಕೊಟ್ರು. ನೆಪ ಮುಗೀತು. ಕೆಟ್ಟಿರೋದು ನಾನೇ." ಪುಡಿಯನ್ನು ತಟ್ಟೆಗೆ ಒರೆಸಿದಳು. "ಆಟನೂ ಸಾಕು. ಊರಿಗ್ ಹೋಗಿ ಮಕ್ಳಿಗೆ ಖೋಖೋ ಆಡಿಸ್ಕೊಂಡಿರ್ತೀನಿ."

ನಾನು ಮೊಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಕಾರ್ಖಾನೆಗೆ ಹೋಗಿ ಹೇಗಾದರೂ ಬೋಲ್ಟು ಕೈಗೆ ಸಿಕ್ಕರೆ ಗುಟ್ಟಾಗಿ ಒರೆಸಿಬಿಡುವುದು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಇವಳು ಹೋದ ಕೂಡಲೇ ಬೇಡವೆಂದು ಸಹಿ ಮಾಡಿದರೆ ಒರೆಸಿ ಏನು ಫಲ? ಶುಕ್ರವಾರ ಹನ್ನೆರಡಕ್ಕೆ ಕಾರ್ಖಾನೆ ಮುಚ್ಚುತ್ತದೆ.

ಇಬ್ಬರೂ ಕಾರ್ಖಾನೆಯ ಕಡೆ ನಡೆದೆವು. ಅದೇ ಕೂಡುರಸ್ತೆಯಲ್ಲಿ ಅದೇ ಕೆಂಪು ದೀಪವಿತ್ತು. ರಸ್ತೆ ಖಾಲಿ. ಆ ದಿನ ಮುದುಕಿಯೂ ಇರಲಿಲ್ಲ. ಆದರೂ ನನ್ನ ಕಾಲು ತಾನಾಗಿ ನಿಂತಿತು. ನೀವ್ ಇದ್ರಲ್ಲ, ಎಂದ ಮುದುಕಿಯ ಮಾತು ನೆನಪಾಯಿತು.

"ಅಮ್ಮಣ್ಣಿ, ನಿನ್ ಉಸಿರು ಸರಿಯಾಗೇ ಇತ್ತು," ಎಂದೆ. "ನಾನು ಬೋಲ್ಟಿಗೆ ಕುಂಕುಮ ಹಚ್ಬಿಟ್ಟಿದ್ದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಊಟದ ಬಿಡುವು, ಮೂರು ಬೊಟ್ಟು, ಕರವಸ್ತ್ರ, ಎಲ್ಲ ಹೇಳಿದೆ. ದೀಪ ಹಸಿರಾಯಿತು, ಮತ್ತೆ ಕೆಂಪಾಯಿತು. ನಾವು ದಾಟಲಿಲ್ಲ.

"ನಿಮ್ಗೆ ಯಾವಾಗ್ ಗೊತ್ತಾಯ್ತು?"

"ನಿನ್ನೆ. ನೀನು ಹೊಡೀತಾ ಇರೋವಾಗ್ಲೇ."

"ನಾನು ಮೂವತ್ತು ಗುಂಡು ಹೊಡೆದೆ ಮಾಮ." ಅವಳ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ನಿಮ್ ಮುಂದೇನೇ ಹೊಡೆದೆ. ನೀವ್ ನೋಡ್ತಾ ಕೂತಿದ್ರಿ."

ಹಸಿರು ಬಂದ ಕೂಡಲೇ ಅವಳು ಹಿಂತಿರುಗಿ ನೋಡದೆ ದಾಟಿ ಹೋದಳು. ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ, ಕಾರ್ಖಾನೆಯ ಬಾಗಿಲವರೆಗೂ.

ಕರ್ಟ್ ಮುಂದೆ ನಾನೇ ಹೇಳಿದೆ. ನನ್ನ ಇಂಗ್ಲಿಷು ಅವತ್ತು ಇನ್ನೂ ಹರಿದಿತ್ತು. ಕೆಂಪು ಕರವಸ್ತ್ರವನ್ನು ಮೇಜಿನ ಮೇಲಿಟ್ಟೆ. ಅವರು ಬೋಲ್ಟು ಬಿಚ್ಚಿ, ಗುಂಡು ಕೂರುವ ಗೂಡಿನೊಳಕ್ಕೆ ಬಿಳಿ ಬಟ್ಟೆಯ ಚೂರು ತೂರಿಸಿ ತೆಗೆದರು. ಬಟ್ಟೆ ಕೆಂಪಗೆ ಬಂತು. ಮೂಸಿದರು. ಗುಂಡಿಗೆ ಸವರಿರುವ ಮೇಣದ ಜೊತೆ ಗಂಧ ಅರೆದು, ಒಣಗಿ, ಬೋಲ್ಟು ಜಾರುವ ಜಾಡಿನಲ್ಲಿ ಗಾರೆಯಂತೆ ಕೂತಿತ್ತು.

"ಯಾಕೆ?" ಎಂದು ಕೇಳಿದರು.

ಮಂಜುಳಾ ನನ್ನ ಕಡೆ ನೋಡದೆಯೇ ಹೇಳಿದಳು. ನಮ್ಮಲ್ಲಿ ಹೊಸ ಆಯುಧವನ್ನು ಪೂಜೆ ಮಾಡದೆ ಮುಟ್ಟುವುದಿಲ್ಲ, ನನಗೆ ಒಳ್ಳೆಯದಾಗಲಿ ಎಂದು ಮಾಡಿದರು ಎಂದಳು. ಕರ್ಟ್ ಆ ಬಟ್ಟೆ ಚೂರನ್ನು ಮೇಜಿನ ಮೇಲೆ ಮಡಿಸಿಟ್ಟರು. ಆಮೇಲೆ ನನ್ನ ಸ್ಟೂಲನ್ನು ಎತ್ತಿಕೊಂಡು ಹೋಗಿ ಬಾಗಿಲ ಪಕ್ಕದಲ್ಲಿಟ್ಟರು. "ಅಲ್ಲಿ ಕೂರಿ. ಮುಟ್ಟಬೇಡಿ."

ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಹತ್ತು ಗಂಟೆಯಾಯಿತು. ಅವರು ಪ್ರತಿ ಭಾಗ ಬಿಚ್ಚಿ, ತೊಳೆದು, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ತೊಳೆದರು. ಹತ್ತೂವರೆ. ಬೇಗ ಮಾಡಿ ಎನ್ನುವ ಯೋಗ್ಯತೆ ನನಗಿರಲಿಲ್ಲ. ಹನ್ನೊಂದಕ್ಕೆ ಹಿಡಿಕೆಯಲ್ಲಿ ಬಿಗಿದು ಹತ್ತು ಗುಂಡು ಹೊಡೆದರು. ದೂರದಿಂದಲೇ ಕಂಡಿತು, ಎಲ್ಲ ಸೇರಿ ಒಂದೇ ತೂತು. ಗೋಡೆಗೊರಗಿ ಕಣ್ಣುಮುಚ್ಚಿಕೊಂಡೆ.

ಆದರೆ ಹೂಂ ಎನ್ನಬೇಕಾದವಳು ಮಂಜುಳಾ. ಹನ್ನೊಂದೂಕಾಲಿಗೆ ಮಲಗಿದಳು. ಬಂದೂಕು ಈಗ ಸರಿಯಿತ್ತು. ಅವಳ ತಲೆಯೊಳಗಿನ ನಿನ್ನೆಯ ಮೂವತ್ತು ಗುಂಡುಗಳನ್ನು ಯಾವ ಬಟ್ಟೆಯಲ್ಲಿ ಒರೆಸುವುದು? ಬೋಲ್ಟು ಎಳೆದು ತಳ್ಳಿದಳು, ಸದ್ದೇ ಇಲ್ಲ. ಕೆನ್ನೆ ಇಟ್ಟಳು, ತೆಗೆದಳು. ಮತ್ತೆ ಇಟ್ಟಳು. ಬೆನ್ನು ಏರಿಳಿಯುವುದು ಕಾಣುತ್ತಿತ್ತು. ಕೆನ್ನೆ ತೆಗೆದು ಎದ್ದು ಕೂತಳು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು, ಒಂದೂ ಗುಂಡು ಹಾರಿರಲಿಲ್ಲ.

"ಮಾಮ," ಎಂದಳು, ಆ ರಸ್ತೆ ದಾಟಿದ ಮೇಲೆ ಮೊದಲ ಸಲ. "ಇನ್ನೇನಾದ್ರೂ ಹೇಳೋದು ಉಳಿದಿದ್ಯಾ?"

"ಇಲ್ಲಮ್ಮ. ಇನ್ನೇನೂ ಇಲ್ಲ."

"ನಿಜ?"

"ನಿಮ್ಮಪ್ಪನಾಣೆ."

ಅವಳು ಮಲಗಿದಳು. ಈ ಸಲ ಕೆನ್ನೆ ಎತ್ತಲಿಲ್ಲ. ಎಡಗೈ ಮಾತ್ರ ಚಲಿಸುತ್ತಿತ್ತು. ಎಳೆದು, ಇಟ್ಟು, ತಳ್ಳಿ, ಒತ್ತಿ. ಬೇರೆ ಯಾವ ಅಂಗವೂ ಕದಲಲಿಲ್ಲ. ಆಟ ಶುರು ಮಾಡಿದ ಹದಿನಾಲ್ಕು ವರ್ಷದಲ್ಲಿ ಅವಳು ಹಾಗೆ ಹೊಡೆದದ್ದನ್ನು ನಾನು ನೋಡಿರಲಿಲ್ಲ. ಹತ್ತು ಗುಂಡು ಮುಗಿದಾಗ ಕರ್ಟ್ ರಟ್ಟು ತರಿಸಿದರು, ಅಳತೆಯ ಉಪಕರಣ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ಕೈ ಚಾಚಿದರು. ಬಾಗಿಲ ಪಕ್ಕದಿಂದ ಎದ್ದು ಹೋಗಿ ನಾಣ್ಯ ಕೊಟ್ಟೆ.

ಒಂಬತ್ತು ತೂತು ಮುಚ್ಚಿಹೋದವು. ಒಂದು ಮಾತ್ರ ಬಲಗಡೆ ಅರ್ಧ ಇಣುಕುತ್ತಿತ್ತು.

ಮಂಜುಳಾ ಬಗ್ಗಿ ನೋಡಿ ನಕ್ಕಳು. "ಅದು ಏಳ್ನೇದು. ಅದು ನಂದು. ಬೆರಳು ಜೋರಾಗ್ ಎಳ್ದೆ, ಗೊತ್ತಾಯ್ತು." ಕಣ್ಣು ಒರೆಸಿಕೊಂಡಳು. "ನನ್ ತಪ್ಪು ಯಾವುದು ಅಂತ ಈಗ ನಂಗೇ ಗೊತ್ತಾಗ್ತಿದೆ ಮಾಮ. ತಗೋತೀನಿ."

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಸಹಿಯಾಯಿತು. ಹೊರಡುವಾಗ ಕರ್ಟ್ ನನ್ನ ಕೈ ಕುಲುಕಿ, ಮಡಿಸಿದ ಒಂದು ಕಾಗದ ಕೊಟ್ಟರು. ಒಳಗೆ ಆ ಕೆಂಪು ಬಟ್ಟೆ ಚೂರಿತ್ತು. ನಮ್ಮ ದೇವರ ಪ್ರಸಾದವನ್ನು ಕಸದ ಬುಟ್ಟಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲವೋ, ನಾನು ಮರೆಯದಿರಲಿ ಎಂದು ಕೊಟ್ಟರೋ, ನಾನು ಕೇಳಲಿಲ್ಲ.

ಕೆ.ಆರ್. ಪುರಂ

ರೈಫಲ್ಲು ಕಾಗದಪತ್ರಗಳ ಸಮೇತ ಬಂದು ಸೇರಿದ ಭಾನುವಾರ ಮಂಜುಳಾ ಹೇಳಿಕಳಿಸಿದಳು. ನಾನು ಹೋಗುವ ವೇಳೆಗೆ ಪೆಟ್ಟಿಗೆ ನಡುಮನೆಯಲ್ಲಿ ತೆರೆದಿತ್ತು. ಎಂಬತ್ತು ದಾಟಿದ ಅಜ್ಜಿ ತಟ್ಟೆ ಹಿಡಿದು ಸಿದ್ಧರಾಗಿ ನಿಂತಿದ್ದರು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬೂದಿ, ದಪ್ಪನೆಯ ಎರಡು ನಿಂಬೆಹಣ್ಣು. ನನ್ನನ್ನು ಕಂಡು ಅವರಿಗೆ ಖುಷಿಯಾಯಿತು.

"ಬಾಪ್ಪ ಮುನಿಸ್ವಾಮಿ. ನಿಂಗೇ ಕಾಯ್ತಿದ್ದೆ. ಎಲ್ಲೆಲ್ಲಿ ಇಡ್ಬೇಕು ತೋರ್ಸು, ಬೊಟ್ಟು ಇಡ್ತೀನಿ."

ಮಂಜುಳಾ ನನ್ನ ಮುಖ ನೋಡಿದಳು. ಮನೆಯಲ್ಲಿ ಯಾರಿಗೂ ಅವಳು ವಿಷಯ ತಿಳಿಸಿರಲಿಲ್ಲ ಎಂದು ಆಗ ಗೊತ್ತಾಯಿತು.

"ಬಂದೂಕಿಗೆ ಬೇಡ ಅಜ್ಜಿ," ಎಂದೆ. "ಅಲ್ಲಿ ನಾನು ಹಚ್ಚಿ, ಅದನ್ನ ಕೆಡಿಸಿ, ಇವಳು ಆಟನೇ ಬಿಡೋ ಹಂಗೆ ಮಾಡ್ಬಿಟ್ಟಿದ್ದೆ."

ಅಜ್ಜಿ ತಬ್ಬಿಬ್ಬಾದರು. ತಟ್ಟೆ ಒಮ್ಮೆ ನನ್ನ ಕಡೆ, ಒಮ್ಮೆ ಪೆಟ್ಟಿಗೆಯ ಕಡೆ ಅಲುಗಾಡಿತು. "ಪೂಜೆ ಇಲ್ದೆ ಹೆಂಗಪ್ಪ? ಮತ್ತೆ ಎಲ್ಲಿಗ್ ಇಡ್ಲಿ?"

ಮಂಜುಳಾ ಮುಂದೆ ಬಂದು ಅಜ್ಜಿಯ ಮುಂದೆ ಎಡಗೈ ಚಾಚಿದಳು.

"ಇದಕ್ಕಿಡಜ್ಜಿ. ಹೊಡಿಯೋದು ಇದೇ."

ಅಜ್ಜಿ ಆ ಕೈಯನ್ನು ನೋಡಿದರು. ಅವರ ಸೌಟಿನ ಏಟು ಎಷ್ಟು ಬಿದ್ದಿದ್ದವೋ ಅದರ ಮೇಲೆ. ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೊಮ್ಮಗಳ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಐದು ಬೆರಳಿಗೂ ಒಂದೊಂದಾಗಿ ಕುಂಕುಮವಿಟ್ಟರು.